ಎಷ್ಟು ಕೊಡ ನೀರು ಕುಡೀತು?

ಕಲಬುರಗಿಯ ನಮ್ಮ ಮನೆಯ ನಡುಕೋಣೆಯಲ್ಲಿ ಸ್ಟೂಲಿನ ಮೇಲೆ ಆ ಪುಟ್ಟ ಪೆಟ್ಟಿಗೆ ಕೂತಿತ್ತು. ಮಕ್ಕಳ ಊಟದ ಡಬ್ಬಿಗಿಂತ ತುಸು ದೊಡ್ಡದು. ಬೆನ್ನಿಗೆ ಮೊಬೈಲ್ ಚಾರ್ಜರಿನಂಥ ವೈರು, ನೆತ್ತಿಯಲ್ಲಿ ಅರ್ಧ ಲೀಟರ್ ನೀರು ಹಿಡಿಯುವ ತೊಟ್ಟಿ, ಎದುರಿಗೆ ಜಾಲರಿ, ಒಳಗೊಂದು ನೀಲಿ ದೀಪ. ಏಪ್ರಿಲ್ ತಿಂಗಳ ಮೂರನೆಯ ವಾರ, ಮಧ್ಯಾಹ್ನ ಮೂರು ಗಂಟೆ. ಜಾಹೀರಾತಿನಲ್ಲಿ ಇದನ್ನು ‘ಮಿನಿ ಏಸಿ’ ಎಂದು ಕರೆದಿದ್ದರು. ಹತ್ತು ನಿಮಿಷದಲ್ಲಿ ಇಡೀ ಕೋಣೆ ತಂಪಾಗುತ್ತದೆ ಎಂದಿದ್ದರು. ಬೆಂಗಳೂರಿನಲ್ಲಿ ಕೂತು ಅವ್ವನಿಗೆಂದು ತರಿಸಿಕೊಟ್ಟವನು ನಾನೇ.

ಊರಿಗೆ ಹೋದವನು ಗುಂಡಿ ಒತ್ತಿ ಅದರ ಎದುರು ಕೂತೆ. ಮುಖಕ್ಕೆ ಹಿತವಾದ ತಣ್ಣನೆ ಗಾಳಿ ಬಂತು, ಸುಳ್ಳಲ್ಲ. ಎರಡು ಮಾರು ಹಿಂದೆ ಸರಿದರೆ ಏನೂ ಇಲ್ಲ. ಗೋಡೆಗೆ ತೂಗುಹಾಕಿದ್ದ ಉಷ್ಣಮಾಪಕ 38 ಡಿಗ್ರಿ ತೋರಿಸುತ್ತಿತ್ತು. ಎರಡು ಗಂಟೆ ಕಳೆದ ಮೇಲೂ 38ರಲ್ಲೇ ಇತ್ತು. ಹೊಸ್ತಿಲ ಹತ್ತಿರ ಫರ್ಸಿಯ ಮೇಲೆ ಒದ್ದೆ ಸೆರಗು ಹೊದ್ದು ಮಲಗಿದ್ದ ಅವ್ವ ಕಣ್ಣು ತೆರೆಯದೆಯೇ ಹೇಳಿದಳು: “ಯಪ್ಪಾ, ಅದು ಮಾರಿಗಿ ಗಾಳಿ ಬಿಡ್ತದ, ಮನಿಗಲ್ಲ.”

ನಮ್ಮ ಕಡೆ ಮಾರಿ ಎಂದರೆ ಮುಖ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆ ಬೇಸಿಗೆಯಿಡೀ ನಾನು ಈ ತಂಪಿನ ಲೆಕ್ಕದ ಬೆನ್ನು ಹತ್ತಿದೆ. ಯಂತ್ರ ಕೆಟ್ಟಿತ್ತೇ, ನಾನು ಬಳಸಿದ್ದು ತಪ್ಪೇ, ಅಥವಾ ಅಂಥ ಪೆಟ್ಟಿಗೆಯಿಂದ ಮನೆ ತಂಪಾಗುವುದು ಸಾಧ್ಯವೇ ಇಲ್ಲವೇ?

ಲೆಕ್ಕ ಶುರುವಾಗುವುದು ಅಡುಗೆಮನೆಯ ಮೂಲೆಯ ಗಡಿಗೆಯಿಂದ. ಮಣ್ಣಿನ ಗಡಿಗೆಯ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ, ಒಣ ಗಾಳಿ ಅದನ್ನು ಹೀರುತ್ತದೆ. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನು ಅದು ಗಡಿಗೆಯಿಂದಲೇ ಕಿತ್ತುಕೊಳ್ಳುತ್ತದೆ. ಬಣ್ಣ ಬಳಿದು ಅಂದಗಾಣಿಸಿದ ಗಡಿಗೆಯಲ್ಲಿ ನೀರು ತಣ್ಣಗಾಗುವುದಿಲ್ಲವೆಂದು ಅವ್ವ ಸಂತೆಯಲ್ಲಿ ಅದನ್ನು ಮುಟ್ಟುವುದೂ ಇಲ್ಲ. ರಂಧ್ರ ಮುಚ್ಚಿದರೆ ಜಿನುಗಿಲ್ಲ, ಜಿನುಗದಿದ್ದರೆ ತಂಪಿಲ್ಲ. ನಮ್ಮ ಮೈ ಬೆವರುವುದೂ ಇದೇ ಕಾರಣಕ್ಕೆ. ಕೂಲರ್ ಎನ್ನುವುದು ಗಡಿಗೆಗೆ ಫ್ಯಾನ್ ಕಟ್ಟಿದ ಹಾಗೆ. ಒದ್ದೆ ಹುಲ್ಲಿನ ಅಥವಾ ಕಾಗದದ ಪ್ಯಾಡಿನ ಮೂಲಕ ಬಿಸಿ ಗಾಳಿಯನ್ನು ಎಳೆದು, ಆವಿಯಾಗುವ ನೀರಿನಿಂದ ಆ ಗಾಳಿಯ ಶಾಖ ಇಳಿಸಿ ಕೋಣೆಗೆ ಬಿಡುವುದು ಅದರ ಕೆಲಸ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ನೀರು ಒಂದು ಗಂಟೆಯಲ್ಲಿ ಆವಿಯಾದರೆ ಹೆಚ್ಚುಕಡಿಮೆ 670 ವಾಟ್‌ನಷ್ಟು ತಂಪು ಸಿಕ್ಕಂತೆ. ಇದು ಪ್ರಕೃತಿಯ ದರ, ಯಾವ ಕಂಪನಿಯೂ ಇದರಲ್ಲಿ ರಿಯಾಯಿತಿ ಕೊಡಲಾರದು. ಈಗ ನಮ್ಮ ಸ್ಟೂಲಿನ ಮೇಲಿನ ಪೆಟ್ಟಿಗೆಯನ್ನು ನೋಡಿ. ಅರ್ಧ ಲೀಟರ್ ತೊಟ್ಟಿ, ನಾಲ್ಕು ಗಂಟೆ ನಡೆಯುತ್ತದೆ. ಎಂದರೆ ಗಂಟೆಗೆ 125 ಮಿಲಿಲೀಟರ್, ಸುಮಾರು 84 ವಾಟ್ ತಂಪು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಬೀಳುವ ಶಾಖವೇ ಸುಮಾರು 100 ವಾಟ್. ನಾನು ಆ ಕೋಣೆಯಲ್ಲಿ ಕೂತು ಸೇರಿಸುತ್ತಿದ್ದ ಬಿಸಿಯನ್ನೂ ಅದು ತೀರಿಸಲಾರದು. ನಾನು ಎದ್ದು ಹೊರಗೆ ಹೋಗಿದ್ದರೆ ಅವ್ವನ ಕೋಣೆಗೆ ಅದಕ್ಕಿಂತ ಹೆಚ್ಚು ಉಪಕಾರವಾಗುತ್ತಿತ್ತು.

ಇಲ್ಲಿ ಮಾರುವವರು ಇನ್ನೊಂದು ಲೆಕ್ಕ ಮುಂದಿಡಬಹುದು, ಅದು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಹನ್ನೆರಡು ಅಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ 38 ಕೆ.ಜಿ. ಆಸುಪಾಸು. ಅಷ್ಟು ಗಾಳಿಯನ್ನು ಹತ್ತು ಡಿಗ್ರಿ ಇಳಿಸಲು 160 ಮಿಲಿಲೀಟರ್ ನೀರು ಆವಿಯಾದರೆ ಸಾಕು. ಒಂದು ದೊಡ್ಡ ಲೋಟ ನೀರು! ಹಾಗಿದ್ದರೆ ಕೋಣೆ ಯಾಕೆ ತಣ್ಣಗಾಗಲಿಲ್ಲ? ತಲೆಯೆತ್ತಿ ನೋಡಿದರೆ ಉತ್ತರ ಸಿಗುತ್ತದೆ. ಅದೇ ಕೋಣೆಯ ಮೇಲಿನ ಐದಿಂಚಿನ ಆರ್‌ಸಿಸಿ ಸ್ಲ್ಯಾಬಿನ ತೂಕ ಮೂರು ಟನ್‌ಗಿಂತ ಹೆಚ್ಚು. ಆ ಸ್ಲ್ಯಾಬನ್ನು ಒಂದೇ ಒಂದು ಡಿಗ್ರಿ ಇಳಿಸಲು ಒಂದು ಲೀಟರಿಗೂ ಮೀರಿ ನೀರು ಆವಿಯಾಗಬೇಕು. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋವಾಟ್‌ನಂತೆ ಅದರ ಮೇಲೆ ಸುರಿಯುತ್ತಿರುತ್ತದೆ, ಆ ಕೋಣೆಯ ಪಾಲಿಗೆ 11 ಕಿಲೋವಾಟ್. ಅದರಲ್ಲಿ ಒಂದಿಷ್ಟು ಪ್ರತಿಫಲಿಸಿ ಹೋಗುತ್ತದೆ, ಉಳಿದದ್ದನ್ನು ಸ್ಲ್ಯಾಬು ನುಂಗಿ ಸಂಜೆಯಿಂದ ನಡುರಾತ್ರಿಯವರೆಗೆ ನಮ್ಮ ಮೇಲೆ ಕಾರುತ್ತದೆ. ಮನೆ ತಂಪು ಮಾಡುವುದೆಂದರೆ ಗಾಳಿಯೊಂದನ್ನೇ ತಂಪು ಮಾಡುವುದಲ್ಲ. ಗೋಡೆ, ಸ್ಲ್ಯಾಬು, ಫರ್ಸಿ, ಮಂಚ, ಬೀರು ಎಲ್ಲದರ ಜೊತೆ ಸೆಣಸಬೇಕು.

ಹಾಗಾದರೆ ದೊಡ್ಡ ಕೂಲರ್ ಹೇಗೆ ನಡೆಯುತ್ತದೆ?

ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಆದರೆ ಆ ಬಿಸಿಲಿಗೆ ಒಂದು ಗುಣವಿದೆ: ಅದು ಒಣ ಬಿಸಿಲು. 42 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಶೇ 15ರಷ್ಟಿದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವನ್ನು ಆ ಗಾಳಿಗೆ ಹಿಡಿದಾಗ ಅದು 22ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಆವಿಯಾಗಿ ಗಾಳಿಯನ್ನು ಎಷ್ಟು ಕೆಳಕ್ಕೆ ಇಳಿಸಬಲ್ಲದೆಂಬುದಕ್ಕೆ ಅದೇ ಗಡಿ. ಒಳ್ಳೆಯ ಪ್ಯಾಡ್ ಇರುವ ಕೂಲರ್ ಆ 20 ಡಿಗ್ರಿ ಅಂತರದ ಮುಕ್ಕಾಲು ಪಾಲು ಗಳಿಸಿಕೊಡುತ್ತದೆ. ಹೊರಗೆ 42, ಕೂಲರಿನ ಬಾಯಲ್ಲಿ 27. ಮೇ ತಿಂಗಳ ರಾಯಚೂರಿನಲ್ಲೋ ಯಾದಗಿರಿಯಲ್ಲೋ ಬಸ್ಸಿಳಿದು ಬಂದವರಿಗೆ 27 ಡಿಗ್ರಿಯ ಗಾಳಿ ಎಂದರೇನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ತಕ್ಕಷ್ಟು ನೀರೂ ಬೇಕು. ತಗಡಿನ ದೊಡ್ಡ ಕೂಲರ್ ಸುಡುಬಿಸಿಲಿನಲ್ಲಿ ಗಂಟೆಗೆ ಹತ್ತು ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. ಹತ್ತು ಲೀಟರ್ ಎಂದರೆ 6,700 ವಾಟ್ ತಂಪು. ಒಂದೂವರೆ ಟನ್ ಏಸಿಯ ಸಾಮರ್ಥ್ಯ ಸುಮಾರು 5,200 ವಾಟ್. ಕೂಲರಿನ ತಂಪಿನಲ್ಲಿ ಒಂದು ಪಾಲು ಕಿಟಕಿಯಿಂದ ಹೊರಗೆ ಹೋಗುವುದರಿಂದ ಇವೆರಡನ್ನೂ ನೇರ ತೂಗುವಂತಿಲ್ಲ. ಆದರೂ ಅರ್ಧ ಲೀಟರಿನ ಡಬ್ಬಿಗೂ ಕಿಟಕಿಗೆ ಕೂರಿಸಿದ ಕೂಲರಿಗೂ ಇರುವ ಅಂತರ ಎಂಥದೆಂದು ಗೊತ್ತಾಗುತ್ತದೆ. ಕೂಲರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ರಿಮೋಟ್ ಇದೆಯೇ, ಸುವಾಸನೆಯ ಡಬ್ಬಿ ಇದೆಯೇ ಎಂದಲ್ಲ. ಗಂಟೆಗೆ ಎಷ್ಟು ನೀರು ಕುಡಿಯುತ್ತದೆ ಎಂದು ಕೇಳಬೇಕು. ಕುಡಿದಷ್ಟೇ ತಂಪು. ಕಮ್ಮಿ ನೀರಿನಲ್ಲಿ ಹೆಚ್ಚು ತಂಪು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಟ್ಟು ಮುಂದಿನ ಅಂಗಡಿಗೆ ನಡೆಯಿರಿ.

ಎರಡನೆಯ ಪ್ರಶ್ನೆ ಗಾಳಿಯದು. ಎರಡು ನಿಮಿಷಕ್ಕೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುವಂತಿರಬೇಕು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ನಾನು ಹೇಳಿದ ಅಳತೆಯ ಕೋಣೆಗೆ ಗಂಟೆಗೆ ಸುಮಾರು ಸಾವಿರ ಘನ ಮೀಟರ್ ಗಾಳಿ. ಕೂಲರಿನ ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಬರೆದಿರುತ್ತದೆ. ಆವಿ ಕೂಲರುಗಳಿಗೆ ಐಎಸ್ 3315 ಎಂಬ ಭಾರತೀಯ ಮಾನಕವೂ ಇದೆ. ಅಂಗೈಯಗಲದ ಫ್ಯಾನಿಗೆ ಅಷ್ಟು ಗಾಳಿ ನೂಕುವ ಶಕ್ತಿ ಎಲ್ಲಿಂದ ಬರಬೇಕು?

ಆ ಬೇಸಿಗೆಯಲ್ಲಿ ನಾನು ಕಲಿತ ದೊಡ್ಡ ಪಾಠ ಕಿಟಕಿಯದು. ಅವ್ವನ ಕೋಣೆಯಲ್ಲಿ ಪೆಟ್ಟಿಗೆ ಹಚ್ಚಿದಾಗ ತಂಪು ಹೊರಗೆ ಹೋಗದಿರಲೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದೆ. ಏಸಿ ಇರುವ ಬ್ಯಾಂಕು, ಕಚೇರಿಗಳನ್ನು ನೋಡಿ ಬಂದ ಅಭ್ಯಾಸ. ಏಸಿ ಕೋಣೆಯ ಶಾಖವನ್ನು ಎತ್ತಿಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ, ಹಾಗಾಗಿ ಬಾಗಿಲು ಮುಚ್ಚಿರಬೇಕು. ಕೂಲರ್ ಏನನ್ನೂ ಹೊರಗೆ ಒಯ್ಯುವುದಿಲ್ಲ. ಗಾಳಿಯಲ್ಲಿದ್ದ ಬಿಸಿ ಆವಿಯೊಳಗೆ ಅಡಗಿ ಕೂತಿರುತ್ತದೆ, ಆ ಆವಿ ಕೋಣೆಯಲ್ಲೇ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ ಗಾಳಿ ಒದ್ದೆಯಾಗಿ, ಮುಂದೆ ನೀರು ಆವಿಯಾಗುವುದೇ ನಿಧಾನವಾಗುತ್ತದೆ. ಮೈಯ ಬೆವರೂ ಆರುವುದಿಲ್ಲ. ಹಾಸಿಗೆ ಜಿಗುಟು, ದಿಂಬು ಜಿಗುಟು. ಕೂಲರನ್ನು ಕಿಟಕಿಯ ಹೊರಗೆ ಇಟ್ಟು ಒಣ ಗಾಳಿಯನ್ನು ಎಳೆಸಬೇಕು, ಎದುರು ಗೋಡೆಯ ಕಿಟಕಿಯನ್ನೋ ಬಾಗಿಲನ್ನೋ ಒಂದಿಷ್ಟು ತೆರೆದು ಒದ್ದೆ ಗಾಳಿಗೆ ದಾರಿ ಬಿಡಬೇಕು. ನಮ್ಮ ಓಣಿಯ ಮನೆಗಳಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಿಟಕಿಗೆ ಬೆನ್ನು ಹೊರಗೆ ಮಾಡಿ ನಿಂತ ಕೂಲರುಗಳನ್ನು ಚಿಕ್ಕಂದಿನಿಂದ ನೋಡಿದ್ದೆ. ಜಾಗ ಸಾಲದೆ ಹಾಗೆ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಅವರಿಗೆ ಗೊತ್ತಿದ್ದ ವಿಜ್ಞಾನ ನನಗೆ ಗೊತ್ತಿರಲಿಲ್ಲ.

ಒದ್ದೆ ಮಾಡಿ ಗಾಳಿ ಹಾಯಿಸುವ ಈ ಉಪಾಯ ನಮ್ಮ ಸೀಮೆಗೆ ಹೊಸದೂ ಅಲ್ಲ. ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಕುಮಟಗಿ ಸಿಗುತ್ತದೆ. ಆದಿಲ್‌ಶಾಹಿಗಳು ಬೇಸಿಗೆ ಕಳೆಯಲು ಕಟ್ಟಿಸಿದ ಜಲಮಹಲುಗಳು, ಕೆರೆ, ಕಾರಂಜಿ, ಗೋಡೆಚಿತ್ರಗಳು ಅಲ್ಲಿವೆ. ಈಗ ಕಾರಂಜಿ ಒಣಗಿದೆ. ಆದರೆ ಬಯಲಿನ ಒಣ ಗಾಳಿ ನೀರು ಹಾದು ಮಂಟಪದೊಳಗೆ ಬರುವಂತೆ ಹೂಡಿದ ಕಟ್ಟೋಣದ ಬುದ್ಧಿ ಇಂದೂ ಕಾಣುತ್ತದೆ. ಉತ್ತರದಲ್ಲಿ ಅಕ್ಬರನ ಕಾಲದ ಖಸ್ ತಟ್ಟಿಗಳ ಪ್ರಸ್ತಾಪವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಮಾಡಿದ್ದಾನೆ. ಖಸ್ ಎಂದರೆ ನಮ್ಮ ಲಾವಂಚ. ಅದರ ಬೇರನ್ನು ಹೆಣೆದು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸಿದರೆ ಗಾಳಿಯ ಜೊತೆ ಪರಿಮಳವೂ ಒಳಗೆ ಬರುತ್ತದೆ. ನಾನು ಸಣ್ಣವನಿದ್ದಾಗ ಲಾವಂಚವಿಲ್ಲದ ನಮ್ಮ ಮನೆಯಲ್ಲಿ ಗೋಣಿತಾಟನ್ನು ನೆನೆಸಿ ಪಡಸಾಲೆಯ ಬಾಗಿಲಿಗೆ ಇಳಿಬಿಡುತ್ತಿದ್ದರು. ಒದ್ದೆ ಸೆಣಬಿನ ಆ ವಾಸನೆ ಬಂತೆಂದರೆ ಶಾಲೆಗೆ ರಜೆ ಬಂದಂತೆ.

ಇಷ್ಟೆಲ್ಲ ಒಣ ಸೀಮೆಯ ಮಾತಾಯಿತು. ಅಕ್ಕನಿಗೆ ಬ್ಯಾಂಕಿನ ವರ್ಗಾವಣೆಯಾಗಿ ಮಂಗಳೂರಿಗೆ ಹೋದಾಗ ಕಲಬುರಗಿಯ ರೂಢಿಯಂತೆ ಕೂಲರನ್ನೂ ಲಾರಿಗೆ ಹೇರಿಸಿದ್ದಳು. ಮನೆ ಬಾಡಿಗೆಗೆ ಕೊಟ್ಟ ಹಿರಿಯ ಹೆಂಗಸು ಅದನ್ನು ನೋಡಿದವರೇ, “ಇಲ್ಲಿ ಅದು ಆಗುದಿಲ್ಲ ಮಾರಾಯ್ರೆ, ಸೆಕೆ ಮತ್ತೂ ಜಾಸ್ತಿ ಆಗ್ತದೆ” ಎಂದಿದ್ದರಂತೆ. ಅಕ್ಕ ನಂಬಲಿಲ್ಲ. ಮೂರನೆಯ ದಿನ ನಂಬಿದಳು.

ಉತ್ತರದ ನಾವು ಬಿಸಿಲು, ಝಳ, ಧಗೆ ಎನ್ನುತ್ತೇವೆ. ಕರಾವಳಿಯವರು ಸೆಕೆ ಎನ್ನುತ್ತಾರೆ. ನಾನು ಇವೆಲ್ಲ ಒಂದೇ ಸಂಗತಿಯ ಬೇರೆ ಬೇರೆ ಹೆಸರು ಎಂದುಕೊಂಡಿದ್ದೆ. ಅಲ್ಲ. ಧಗೆ ಗಾಳಿಯ ಬಿಸಿ, ಸೆಕೆ ಗಾಳಿಯ ತೇವ. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 65 ಇರುವ ಮಧ್ಯಾಹ್ನ ಆ ಒದ್ದೆ ಬಟ್ಟೆಯ ಉಷ್ಣಮಾಪಕ 28ರಿಂದ ಕೆಳಗೆ ಇಳಿಯುವುದಿಲ್ಲ. ಕೂಲರ್ ಎಷ್ಟೇ ಒಳ್ಳೆಯದಿದ್ದರೂ ನಾಲ್ಕು ಡಿಗ್ರಿ ಇಳಿಸೀತು. ಅದಕ್ಕೆ ಪ್ರತಿಯಾಗಿ ತೇವಾಂಶವನ್ನು ಶೇ 90ರ ಹತ್ತಿರಕ್ಕೆ ಒಯ್ಯುತ್ತದೆ. ಮೊದಲೇ ಬೆವರು ಆರದ ಊರಿನಲ್ಲಿ ಮನೆಯೊಳಗೆ ಇನ್ನಷ್ಟು ನೀರು ಚೆಲ್ಲಿದಂತೆ. ಮಂಗಳೂರು, ಉಡುಪಿ, ಕಾರವಾರದ ಮನೆಗಳಿಗೆ ಯಾವ ಗಾತ್ರದ ಆವಿ ಕೂಲರನ್ನೂ ನಾನು ಸೂಚಿಸಲಾರೆ. ಅಲ್ಲಿ ಎತ್ತರದ ಹೆಂಚಿನ ಮಾಡು, ಎದುರುಬದುರು ಕಿಟಕಿ, ತಲೆಯ ಮೇಲೆ ಒಳ್ಳೆಯ ಫ್ಯಾನು ಮಾಡುವ ಉಪಕಾರವನ್ನು ಕೂಲರ್ ಮಾಡದು. ತಾಳಲಾಗದವರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಏಸಿಯೇ ಬೇಕಾಗುತ್ತದೆ.

ಏಸಿ ಹುಟ್ಟಿದ್ದೂ ಈ ತೇವದ ಕಾಟದಿಂದಲೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವಕ್ಕೆ ಕಾಗದ ಉಬ್ಬಿ ಕುಗ್ಗಿ, ಒಂದರ ಮೇಲೊಂದು ಬಣ್ಣ ಅಚ್ಚಾಗುವಾಗ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಆ ತೇವ ಹಿಡಿತಕ್ಕೆ ತರಲು ರೂಪಿಸಿದ ವ್ಯವಸ್ಥೆಯೇ ಇಂದಿನ ಏಸಿಗೆ ಮೂಲ. ‘ಮಿನಿ ಏಸಿ’ ಎಂದು ಮಾರುವ ನೀರಿನ ಡಬ್ಬಿ ಗಾಳಿಗೆ ತೇವ ಸೇರಿಸುತ್ತದೆ, ಏಸಿ ತೇವ ತೆಗೆಯುತ್ತದೆ. ಒಂದಕ್ಕೊಂದು ತಿರುವುಮುರುವಾದ ಎರಡು ಯಂತ್ರಗಳಿಗೆ ಒಂದೇ ಹೆಸರು ಇಟ್ಟು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದೇ ನನ್ನ ನಿಲುವು. ಪೋರ್ಟಬಲ್ ಏಸಿ ಎಂಬುದೂ ಒಂದಿದೆ, ಅದರ ಮಾತು ಬೇರೆ. ಅದರಲ್ಲಿ ಕಂಪ್ರೆಸರ್ ಇರುತ್ತದೆ, ಬಿಸಿ ಗಾಳಿ ಹೊರಹಾಕಲು ಆನೆಯ ಸೊಂಡಿಲಿನಂಥ ಕೊಳವೆ ಕಿಟಕಿಗೆ ಹೋಗುತ್ತದೆ. ಒಂದೇ ಕೊಳವೆಯದಾದರೆ ಹೊರಹಾಕಿದಷ್ಟು ಗಾಳಿ ಬಾಗಿಲ ಸಂದಿನಿಂದ ಬಿಸಿಯಾಗಿಯೇ ಒಳಗೆ ಬರುವುದರಿಂದ ಗೋಡೆಯ ಏಸಿಗೆ ಅದು ಸಾಟಿಯಲ್ಲ. ಆದರೂ ಅದು ಏಸಿಯೇ. ಕೊಳವೆ ಇಲ್ಲದ ಪೆಟ್ಟಿಗೆಯನ್ನು ಯಾರಾದರೂ ಏಸಿ ಎಂದರೆ, ತೆಗೆದ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ.

ಬೆಂಗಳೂರು ಕಲಬುರಗಿಯ ಧಗೆಗೂ ಮಂಗಳೂರಿನ ಸೆಕೆಗೂ ನಡುವಿನ ಊರು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾದ ಮೇಲೆ ಫ್ಯಾನೇ ಬೇಡದಿದ್ದ ಊರು ಎಂಬ ಮಾತು ಹಳೆಯ ನೆನಪಾಯಿತು. ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಇಲ್ಲಿಯ ಗಾಳಿಯೂ ಒಣಗಿರುತ್ತದೆ, ಆಗ ಮಧ್ಯಮ ಗಾತ್ರದ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೇ ತಿಂಗಳ ಮಳೆ ಶುರುವಾಯಿತೆಂದರೆ ಅದರ ಋತು ಮುಗಿಯಿತು. ಅಪಾರ್ಟ್‌ಮೆಂಟಿನ ತೊಡಕೇನೆಂದರೆ ಕಿಟಕಿಯಾಚೆ ಕೂಲರ್ ಇಡಲು ಜಾಗವಿರುವುದಿಲ್ಲ. ಬಾಲ್ಕನಿಯ ಬಾಗಿಲಲ್ಲಿ ಬೆನ್ನು ಹೊರಗೆ ಮಾಡಿ ನಿಲ್ಲಿಸಿ, ಎದುರು ಕೋಣೆಯ ಕಿಟಕಿ ತೆರೆದರೆ ಸಾಕು.

ಐಸ್ ಹಾಕಿದರೆ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಕೆ.ಜಿ. ಐಸ್ ಕರಗುವಾಗ ಹೀರುವ ಶಾಖ 334 ಕಿಲೋಜೂಲ್. ಒಂದು ಲೀಟರ್ ಸಾದಾ ನೀರು ಆವಿಯಾಗುವಾಗ ಹೀರುವುದು ಅದರ ಏಳು ಪಟ್ಟು. ಐಸ್ ಹಾಕಿದ ಮೊದಲ ಕೆಲವು ನಿಮಿಷ ಗಾಳಿ ಕೊಂಚ ಹೆಚ್ಚು ತಣ್ಣಗಿರುತ್ತದೆ, ಅಷ್ಟೇ. ಮನೆಯ ಫ್ರಿಜ್ಜಿನಲ್ಲೇ ಐಸ್ ಮಾಡಿದ್ದರೆ, ಆ ಫ್ರಿಜ್ ತನ್ನ ಬೆನ್ನಿನಿಂದ ಅದಕ್ಕಿಂತ ಹೆಚ್ಚು ಬಿಸಿಯನ್ನು ಆಗಲೇ ಮನೆಯೊಳಗೆ ಬಿಟ್ಟಿರುತ್ತದೆ.

ಇಷ್ಟಾದರೂ ನಮ್ಮ ಕಡೆಯ ಜನ ಕೂಲರ್ ಬಿಡುವುದಿಲ್ಲ, ಅದಕ್ಕೆ ಗಟ್ಟಿ ಕಾರಣವಿದೆ. ಕೂಲರಿನ ಮೋಟಾರು, ಪಂಪು ಸೇರಿ 180 ವಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ 54 ಯೂನಿಟ್. ಒಂದೂವರೆ ಟನ್ ಏಸಿ ಗಂಟೆಗೆ ಒಂದು ಯೂನಿಟ್ ತಿಂದರೂ ರಾತ್ರಿಗೆ ಎಂಟು ಗಂಟೆಯಂತೆ ತಿಂಗಳಿಗೆ 240. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಏಸಿ ಕೊಂಡ ಮನೆ ಆ ಗೆರೆಯನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ.

ಆದರೆ ಕರೆಂಟಿನಲ್ಲಿ ಉಳಿಸಿದ್ದನ್ನು ನೀರಿನಲ್ಲಿ ತೆರಬೇಕು. ಈ ಮಾತು ಬರೆಯುವಾಗ ನನಗೆ ಕಸಿವಿಸಿಯಾಗುತ್ತದೆ. ದಿನಕ್ಕೆ ನಾಲ್ಕು ಕೊಡ ನೀರು ಕೂಲರಿಗೆ ಹಾಕುತ್ತೇವೆ, ಸುಮಾರು 60 ಲೀಟರ್. ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ, ಟ್ಯಾಂಕರಿನ ಹಿಂದೆ ಕೊಡಗಳ ಸಾಲು ನಿಂತಿರುವಾಗ, 60 ಲೀಟರ್ ಗಾಳಿಗೆ ಹೋಗುತ್ತದೆ. ಆ ನೀರು ಹೊತ್ತು ತರುವವರೂ ಬಹುಪಾಲು ಹೆಂಗಸರು. ಕೂಲರ್ ಅಗ್ಗ ಎನ್ನುವಾಗ ಈ ಹೊರೆಯನ್ನು ಲೆಕ್ಕಕ್ಕೆ ಹಿಡಿಯುವವರನ್ನು ನಾನು ಕಂಡಿಲ್ಲ. ಆರ್‌ಒ ಯಂತ್ರದ ತ್ಯಾಜ್ಯ ನೀರು ಹಾಕೋಣವೆಂದರೆ ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ಬೋರ್‌ವೆಲ್‌ನ ಗಡಸು ನೀರೇ ಒಂದು ಬೇಸಿಗೆ ಮುಗಿಯುವುದರೊಳಗೆ ಜೇನುಗೂಡಿನಂಥ ಪ್ಯಾಡಿನ ಕಣ್ಣುಗಳಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಗಾಳಿಯೂ ಹೋಗುವುದಿಲ್ಲ, ನೀರೂ ಇಳಿಯುವುದಿಲ್ಲ. ತೊಟ್ಟಿಯ ತಳದ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಹೊರತೆಗೆದು ಬಚ್ಚಲು ತೊಳೆಯಲು ಬಳಸಿದರೆ ಪ್ಯಾಡ್ ಹೆಚ್ಚು ಬಾಳುತ್ತದೆ. ಹುಲ್ಲಿನ ಪ್ಯಾಡಾದರೆ ಪ್ರತಿವರ್ಷ ಬದಲಿಸಬೇಕು. ಹಳೆಯ ಹುಲ್ಲಿನ ಕಮಟು ವಾಸನೆ ಇಡೀ ಮನೆಗೆ ಹರಡುತ್ತದೆ.

ತೊಟ್ಟಿ ತೊಳೆಯಲು ಅದಕ್ಕಿಂತ ದೊಡ್ಡ ಕಾರಣವೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೆಚ್ಚಾಗಿ ನಿಂತ ಶುಚಿ ನೀರು ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಬರೀ ಖಾಲಿ ಮಾಡಿದರೆ ಸಾಲದು, ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಉಜ್ಜಿ ತೊಳೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಗೆ ಎಡೆಗೊಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತು. ಇನ್ನೊಂದು ಮಾತು, ಇದನ್ನು ಬೇಡಿಕೊಂಡು ಹೇಳುತ್ತೇನೆ: ಕೂಲರಿಗೆ ನೀರು ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ತಗಡಿನ ಮೈ, ಒದ್ದೆ ನೆಲ, ಬರಿಗಾಲು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಪ್ರತಿ ಬೇಸಿಗೆ ಜೀವಗಳು ಹೋಗುತ್ತಿವೆ.

ಹಾಗಾದರೆ ಅವ್ವನ ಕೋಣೆಗೆ ಏನು ಮಾಡಿದೆವು? ಮೊದಲು ಕೈಹಾಕಿದ್ದು ಸ್ಲ್ಯಾಬಿಗೆ. ಮಾಳಿಗೆಯನ್ನು ಗುಡಿಸಿ ತೊಳೆದು ದಪ್ಪಗೆ ಸುಣ್ಣ ಬಳಿಸಿದೆವು. ಹೊಸ ಸುಣ್ಣದ ಬಿಳುಪು ಬಿಸಿಲಿನ ಬಹುಪಾಲನ್ನು ಬಂದ ದಾರಿಗೆ ತಿರುಗಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗಳಿಗೆಂದೇ ಒಂದು ನೀತಿ ತಂದಿತು. ಅದೇ ಬಿಸಿಲು ಬಡಿಯುವ ನಮ್ಮ ಜಿಲ್ಲೆಗಳಿಗೂ ಅಂಥದೊಂದು ಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಜ್ಜನ ಕಾಲದ ಮೇಲ್ಮುದ್ದೆಯ ಮನೆಯನ್ನು ಕೆಡವಿ ಈ ಸ್ಲ್ಯಾಬು ಹಾಕಿದಾಗ ಊರೆಲ್ಲ ಹೊಗಳಿತ್ತು. ಆ ಮಣ್ಣಿನ ಮಾಳಿಗೆ ಹನ್ನೆರಡು ಗಂಟೆಯ ಬಿಸಿಲನ್ನು ಮೇಲೆಯೇ ತಡೆದು ನಿಲ್ಲಿಸುತ್ತಿತ್ತೆಂಬುದು ನಮಗೆ ಅದು ಹೋದ ಮೇಲೆ ತಿಳಿಯಿತು. ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿದೆವು. ಆಮೇಲೆ ಸೂಪರ್ ಮಾರ್ಕೆಟ್ ಕಡೆಯಿಂದ ಒಂದು ತಗಡಿನ ಕೂಲರ್ ತಂದು ಬಡಗಣ ಕಿಟಕಿಯಾಚೆ ನೆರಳಿನಲ್ಲಿ ನಿಲ್ಲಿಸಿದೆವು. ಮಿಸ್ತ್ರಿ ಅರ್ಥಿಂಗ್ ವೈರು ಎಳೆದುಕೊಟ್ಟ. ಎದುರಿನ ಬಾಗಿಲು ಒಂದು ಗೇಣು ತೆರೆದಿಟ್ಟೆವು. ಹೊರಗೆ 41 ಇದ್ದ ಮಧ್ಯಾಹ್ನ ಕೋಣೆಯ ಉಷ್ಣಮಾಪಕ 31ಕ್ಕೆ ಬಂದು ನಿಂತಿತು. ಅವ್ವ ಫರ್ಸಿ ಬಿಟ್ಟು ಮಂಚದ ಮೇಲೆ ಮಲಗಿದಳು.

ಪುಟ್ಟ ಪೆಟ್ಟಿಗೆಯನ್ನು ಎಸೆಯಲಿಲ್ಲ. ಅವ್ವ ಕೌದಿ ಹೊಲಿಯುವಾಗ ಅದನ್ನು ಮೊಣಕಾಲ ಹತ್ತಿರ ಇಟ್ಟುಕೊಳ್ಳುತ್ತಾಳೆ. ದಾರ ಪೋಣಿಸುವಾಗ ಕಣ್ಣಿಗೆ ಬೆವರು ಇಳಿಯುವುದಿಲ್ಲ. ಒಬ್ಬರ ಮುಖಕ್ಕೆ, ಒಂದು ಮಾರು ದೂರದಿಂದ, ಒಣ ಹವೆಯಲ್ಲಿ, ವಾರಕ್ಕೊಮ್ಮೆ ಉಜ್ಜಿ ತೊಳೆದರೆ ಅದು ಮಾಡಬಲ್ಲ ಕೆಲಸ ಅಷ್ಟು. ಅದನ್ನು ಮಾಡುತ್ತದೆ. ಒದ್ದೆ ಟವೆಲ್ಲು ಮೈಮೇಲೆ ಹೊದ್ದು ಟೇಬಲ್ ಫ್ಯಾನಿನ ಮುಂದೆ ಕೂತರೂ ಅಷ್ಟೇ ಹಿತ. 40 ಡಿಗ್ರಿ ದಾಟಿದ ಮೇಲೆ ಒಣ ಮೈಗೆ ಬರೀ ಫ್ಯಾನಿನ ಗಾಳಿ ಬಿಸಿಯನ್ನೇ ತುಂಬುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸುತ್ತದೆ. ಹಾಗಾಗಿ ವಯಸ್ಸಾದವರು ಮೈ, ಬಟ್ಟೆ ಒದ್ದೆ ಮಾಡಿಕೊಂಡೇ ಗಾಳಿಗೆ ಕೂರಬೇಕು.

ಈಗ ದಿನಾ ಸಂಜೆ ಫೋನಿನಲ್ಲಿ ನಾನು ಊಟ ಆಯಿತೇ ಎಂದು ಕೇಳುವ ಮೊದಲು, “ಇವತ್ತ ಎಷ್ಟ್ ಕೊಡ ಕುಡೀತವ್ವಾ?” ಎಂದು ಕೇಳುತ್ತೇನೆ. ಈ ಸಲ ಏಪ್ರಿಲ್ ಪೂರ್ತಿ ಒಂದೇ ಉತ್ತರ: “ನಾಕ್.” ಒಂದೆರಡು ದಿನ ಐದೂ ಆಗಿತ್ತು. ಮೇ ತಿಂಗಳ ಕೊನೆಯಲ್ಲಿ, ಮಳೆ ನಕ್ಷತ್ರ ರೋಹಿಣಿ ಹುಟ್ಟಿದ ವಾರ, ಕೇಳುವ ಮೊದಲೇ ಅವಳು ಹೇಳಿದಳು.

“ಇವತ್ತ ಎರಡಕ್ಕ ನಿಂತದ ನೋಡು. ನೀರು ಹಾಂಗೇ ಅದ, ಕುಡೀವಲ್ದು. ಗಾಳಿ ಒದ್ದಿ ಆಗ್ಯಾದ. ರಾತ್ರಿ ಮಳಿ ಬರ್ತದ. ಮಾಳಿಗಿ ಮ್ಯಾಲಿನ ಕೌದಿ ತರ್ತೀನಿ, ಇಡು ಫೋನು.”